ಹೆಬ್ಬೆಟ್ಟಿನಲ್ಲಿ ಕುಲದ ಗುರುತು ಇದೆಯೇ?



ಕಳೆದ ತಿಂಗಳು ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ಹಳೆಯ ಕಾಗದಪತ್ರಗಳನ್ನು ವಿಂಗಡಿಸುತ್ತಿದ್ದಾಗ, ನಾಲ್ಕಾಗಿ ಮಡಚಿಟ್ಟಿದ್ದ ಒಂದು ಡ್ರಾಯಿಂಗ್ ಹಾಳೆ ಕೈಗೆ ಸಿಕ್ಕಿತು. ಬಿಡಿಸಿ ನೋಡಿದರೆ ಸ್ಕೇಲು ಹಿಡಿದು ಗೆರೆ ಎಳೆದ 42 ಚೌಕಗಳು, ಪ್ರತಿ ಚೌಕದಲ್ಲಿ ನೇರಳೆ ಮಸಿಯ ಒಂದೊಂದು ಹೆಬ್ಬೆಟ್ಟಿನ ಗುರುತು, ಅದರ ಕೆಳಗೆ ಒಂದೊಂದು ಹೆಸರು. 1988ರಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಗಾಂಧೀಜಿಯವರ ದಕ್ಷಿಣ ಆಫ್ರಿಕದ ಹೋರಾಟವನ್ನು ಪಾಠ ಮಾಡುವಾಗ ನಾನೇ ಮಾಡಿಸಿದ್ದ ಹಾಳೆ ಅದು. ಆಗ ನಾನು ಸೇವೆಗೆ ಸೇರಿ ಕೆಲವೇ ವರ್ಷಗಳಾಗಿದ್ದವು. ಬಿ.ಎಡ್. ತರಬೇತಿಯಲ್ಲಿ ಕಲಿತ ‘ಚಟುವಟಿಕೆಯ ಮೂಲಕ ಬೋಧನೆ’ ಎಂಬುದರ ಮೇಲೆ ಅಪಾರ ವಿಶ್ವಾಸವಿದ್ದ ಕಾಲ. ಕಚೇರಿಯ ಸ್ಟಾಂಪ್ ಪ್ಯಾಡನ್ನು ತಂದು, ಟ್ರಾನ್ಸ್‌ವಾಲಿನ ಸರಕಾರ ಭಾರತೀಯರಿಂದ ಏನನ್ನು ಬಲವಂತವಾಗಿ ಪಡೆಯಹೊರಟಿತ್ತು ಎಂಬುದು ಮಕ್ಕಳಿಗೆ ಕೈಯಾರೆ ತಿಳಿಯಲಿ ಎಂದು ಒಬ್ಬೊಬ್ಬರಿಂದ ಒತ್ತಿಸಿದ್ದೆ.

ಆ ಹಾಳೆಯಲ್ಲಿ 41 ಗುರುತುಗಳಿವೆ. 37ನೆಯ ಚೌಕದಲ್ಲಿ ಹೆಸರು ಮಾತ್ರವಿದೆ.

ಆ ಹುಡುಗ ಎದ್ದು ನಿಂತು, “ಸರ್, ಹೆಬ್ಬೆಟ್ಟು ನೋಡಿದರ ಯಾವ ಜಾತಿಯವರು ಅಂತ ಪೊಲೀಸರಿಗೆ ಗೊತ್ತಾಗ್ತದೇನ್ರಿ?” ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆನೆಂದು ನೆನಪು. “ಪಾಠಕ್ಕೆ ಸಂಬಂಧಿಸಿದ್ದನ್ನು ಕೇಳು” ಎಂದು ಕೂರಿಸಿದೆ. ಅವನು ಕುಳಿತ, ಮಸಿ ಮುಟ್ಟಲಿಲ್ಲ. ಅವನ ಅಜ್ಜ ಸೆಟ್ಲಮೆಂಟಿನಲ್ಲಿ ಬೆಳೆದವರೆಂಬುದು, ಅಲ್ಲಿ ಹಾಜರಿ ಹಾಕಿ ಬೆರಳು ಒತ್ತಿದವರೆಂಬುದು ನನಗೆ ತಿಳಿದದ್ದು ಎಷ್ಟೋ ತಿಂಗಳ ನಂತರ. ಅಷ್ಟರಲ್ಲಿ ಅವನು ಶಾಲೆ ಬಿಟ್ಟಿದ್ದ.

ಅಂದು ಪಾಠಕ್ಕೆ ಸಂಬಂಧವಿಲ್ಲವೆಂದು ನಾನು ತಳ್ಳಿಹಾಕಿದ ಆ ಪ್ರಶ್ನೆಯೇ ಬೆರಳಚ್ಚಿನ ಇಡೀ ಇತಿಹಾಸದ ನಡುವೆ ನಿಂತಿರುವ ಪ್ರಶ್ನೆ ಎಂಬುದನ್ನು ನಿವೃತ್ತಿಯ ಬಿಡುವಿನಲ್ಲಿ ಓದಿ ತಿಳಿದುಕೊಂಡೆ. ಆ ಪ್ರಶ್ನೆಯನ್ನು ಯಾರು ಯಾರು ಕೇಳಿದರು, ಅವರಿಗೆ ಏನು ಉತ್ತರ ದೊರೆಯಿತು ಎಂಬುದನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ಮೊದಲು ಗೆರೆಗಳ ಪರಿಚಯ. ನಮ್ಮ ಅಜ್ಜಿಯಂದಿರು ಹಸುಗೂಸಿನ ಬೆರಳುಗಳನ್ನು ಬಿಡಿಸಿ ‘ಎಷ್ಟು ಶಂಖ, ಎಷ್ಟು ಚಕ್ರ’ ಎಂದು ಎಣಿಸುತ್ತಿದ್ದುದನ್ನು ನೀವು ನೋಡಿರಬಹುದು. ಹತ್ತೂ ಬೆರಳಲ್ಲಿ ಚಕ್ರವಿದ್ದರೆ ಚಕ್ರವರ್ತಿಯಾಗುತ್ತಾನೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ನನಗೆ ಮೂರೇ ಇದ್ದುದರಿಂದ ಮಾಸ್ತರಿಕೆಗೆ ನಿಂತಿತೆಂದು ತೋರುತ್ತದೆ. ವಿಜ್ಞಾನಿಗಳ ವಿಂಗಡಣೆಯೂ ಹೆಚ್ಚು ಕಡಿಮೆ ಇದೇ. ಸುತ್ತಿ ಸುತ್ತಿ ಕೇಂದ್ರಕ್ಕೆ ಬರುವ ಗೆರೆಗಳು ಚಕ್ರ; ಒಂದು ಬದಿಯಿಂದ ಹೊರಟು ತಿರುಗಿ ಅದೇ ಬದಿಗೆ ಮರಳುವ ಗೆರೆಗಳು ಇಂಗ್ಲಿಷಿನ ಲೂಪ್, ಅಂದರೆ ನಮ್ಮ ಶಂಖ; ಒಂದು ಬದಿಯಿಂದ ಇನ್ನೊಂದು ಬದಿಗೆ ಸೇತುವೆಯಂತೆ ಬಾಗಿ ಹೋಗುವ ಗೆರೆಗಳು ಕಮಾನು. ಅಂಗೈಯ ಮೇಲೂ ಇಂಥ ಸಣ್ಣ ಗೆರೆಗಳ ಹರಿವು ಇದೆ. ಹಸ್ತಸಾಮುದ್ರಿಕದವರು ನೋಡುವ ದಪ್ಪ ಮಡಿಕೆಗಳು ಬೇರೆ, ಈ ಗೆರೆಗಳು ಬೇರೆ.

ಆಡಳಿತದ ಕೆಲಸಕ್ಕೆ ಕೈಗುರುತನ್ನು ಬಳಸುವ ಆಧುನಿಕ ಕಥೆ ನಮ್ಮ ದೇಶದಲ್ಲೇ ಆರಂಭವಾಗುತ್ತದೆ. 1857ರ ದಂಗೆಯ ಮರುವರ್ಷ, 1858ರ ಜುಲೈ 28ರಂದು, ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಯುವ ಅಧಿಕಾರಿ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನೊಡನೆ ರಸ್ತೆಗೆ ಹಾಕುವ ಜಲ್ಲಿಯ ಬಗ್ಗೆ ಕರಾರು ಮಾಡಿಕೊಳ್ಳುತ್ತಿದ್ದ. ಕೋನಾಯಿ ಸಹಿ ಮಾಡಲು ಹೊರಟಾಗ ಹರ್ಷೆಲ್‌ಗೆ ಒಂದು ಯೋಚನೆ ಹೊಳೆಯಿತು. ಕಚೇರಿಯ ಮೊಹರಿಗೆ ಬಳಸುವ ಮಸಿಯನ್ನು ಅವನ ಅಂಗೈಗೆ ಬಳಿದು ಕರಾರುಪತ್ರದ ಹಿಂಬದಿಗೆ ಒತ್ತಿಸಿದ. ಮುಂದೆ ‘ಇದು ನನ್ನ ಸಹಿಯಲ್ಲ’ ಎನ್ನಲು ಅವನಿಗೆ ಭಯವಾಗಲಿ ಎಂಬುದಷ್ಟೇ ಉದ್ದೇಶವಾಗಿತ್ತೆಂದು ಹರ್ಷೆಲ್ ತಾನೇ ಮುಂದೆ ಬರೆದಿದ್ದಾನೆ. ಹೀಗೆ ಒಬ್ಬ ಬಂಗಾಳಿ ಗುತ್ತಿಗೆದಾರನ ಪೂರ್ಣ ಅಂಗೈ ಚರಿತ್ರೆಯಲ್ಲಿ ಉಳಿಯಿತು. 1877ರ ಹೊತ್ತಿಗೆ ಹೂಗ್ಲಿಯಲ್ಲಿ ಮ್ಯಾಜಿಸ್ಟ್ರೇಟನಾಗಿದ್ದ ಹರ್ಷೆಲ್ ದಸ್ತಾವೇಜು ನೋಂದಣಿ, ಪಿಂಚಣಿ, ಜೈಲು ಈ ಮೂರು ಕಡೆಯೂ ಬೆರಳೊತ್ತುವ ಪದ್ಧತಿಯನ್ನು ಜಾರಿಗೆ ತಂದಿದ್ದ.

ಸರಿಸುಮಾರು ಅದೇ ಕಾಲದಲ್ಲಿ ಜಪಾನಿನ ಟೋಕಿಯೋ ನಗರದ ತ್ಸುಕಿಜಿ ಆಸ್ಪತ್ರೆಯಲ್ಲಿದ್ದ ಹೆನ್ರಿ ಫೌಲ್ಡ್ಸ್ ಎಂಬ ಸ್ಕಾಟ್‌ಲೆಂಡಿನ ವೈದ್ಯ, ಪ್ರಾಚೀನ ಮಣ್ಣಿನ ಮಡಕೆಗಳ ಮೇಲೆ ಕುಂಬಾರರ ಬೆರಳಿನ ಗುರುತುಗಳಿರುವುದನ್ನು ಕಂಡು ಕುತೂಹಲಗೊಂಡ. ಜೀವಂತ ಜಪಾನೀಯರ ಬೆರಳುಗಳನ್ನೂ ಯುರೋಪಿಯನ್ನರ ಬೆರಳುಗಳನ್ನೂ ಹೋಲಿಸತೊಡಗಿದ, ಮಂಗಗಳನ್ನೂ ಬಿಡಲಿಲ್ಲ. 1880ರ ಅಕ್ಟೋಬರ್ 28ರ ‘ನೇಚರ್’ ಪತ್ರಿಕೆಯಲ್ಲಿ ಅವನ ಪತ್ರ ಪ್ರಕಟವಾಯಿತು. ಅಪರಾಧಿಗಳನ್ನು ಗುರುತಿಸಬಹುದು ಎಂಬ ಸೂಚನೆಯ ಜೊತೆಗೆ ಜನಾಂಗಗಳ ಅಧ್ಯಯನಕ್ಕೂ ಈ ಗೆರೆಗಳು ನೆರವಾದಾವು ಎಂಬ ಆಸೆ ಅದರಲ್ಲಿತ್ತು. ಅಂದರೆ ‘ಇವನು ಯಾರು’ ಎಂಬ ಪ್ರಶ್ನೆಯೂ ‘ಇವನು ಯಾರವನು’ ಎಂಬ ಪ್ರಶ್ನೆಯೂ ಒಟ್ಟೊಟ್ಟಿಗೇ ಹುಟ್ಟಿದವು. ಫೌಲ್ಡ್ಸ್ ತನ್ನ ವಿಚಾರವನ್ನು ಚಾರ್ಲ್ಸ್ ಡಾರ್ವಿನ್‌ಗೂ ಬರೆದ. ಆಗ ವೃದ್ಧನೂ ಅಸ್ವಸ್ಥನೂ ಆಗಿದ್ದ ಡಾರ್ವಿನ್ ಅದನ್ನು ತನ್ನ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್‌ಗೆ ಕಳಿಸಿದ.

ಈ ಗಾಲ್ಟನ್ ಎಂಬವನ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1822ರಲ್ಲಿ ಹುಟ್ಟಿ 1911ರಲ್ಲಿ ತೀರಿಕೊಂಡ ಈತ ಕಂಡದ್ದನ್ನೆಲ್ಲ ಅಳೆಯುವ ಮನುಷ್ಯ. 1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಅಂಗಡಿಯಂತೆ ಒಂದು ಪ್ರಯೋಗಾಲಯವನ್ನೇ ತೆರೆದು ಸಾವಿರಾರು ಜನರ ಎತ್ತರ, ಉಸಿರಿನ ಬಲ, ದೃಷ್ಟಿ, ಕೈಹಿಡಿತ ಎಲ್ಲವನ್ನೂ ಅಳೆದ. ಮನುಷ್ಯನ ಯೋಗ್ಯತೆ ರಕ್ತದಿಂದ ಬರುತ್ತದೆಂಬುದು ಅವನ ಅಚಲ ನಂಬಿಕೆ. 1869ರಲ್ಲಿ ಬರೆದ ಗ್ರಂಥದಲ್ಲಿ ಜನಾಂಗಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ದರ್ಜೆ ಕೊಟ್ಟು, ಆಫ್ರಿಕದವರನ್ನು ಇಂಗ್ಲಿಷರಿಗಿಂತ ಎರಡು ಮೆಟ್ಟಿಲು ಕೆಳಗೆ ಕೂರಿಸಿದ್ದ. 1883ರಲ್ಲಿ ‘ಯೂಜೆನಿಕ್ಸ್’ ಎಂಬ ಶಬ್ದವನ್ನು ಸೃಷ್ಟಿಸಿದವನೂ ಅವನೇ. ಆ ಶಬ್ದ ಇಪ್ಪತ್ತನೆಯ ಶತಮಾನದಲ್ಲಿ ಎಲ್ಲೆಲ್ಲಿಗೆ ಹೋಗಿ ಏನೇನು ಮಾಡಿತೆಂಬುದನ್ನು ನೀವು ತರಗತಿಯಲ್ಲೇ ಕೇಳಿದ್ದೀರಿ. ಬೆರಳಿನ ಗೆರೆಗಳಲ್ಲಿ ಜನಾಂಗದ ಮೊಹರು ಕಾಣಬೇಕೆಂದು ಹಂಬಲಿಸಲು ಇವನಿಗಿಂತ ಹೆಚ್ಚಿನ ಕಾರಣ ಯಾರಿಗಿದ್ದೀತು?

ಗಾಲ್ಟನ್ 1888ರ ಸುಮಾರಿಗೆ ಈ ಕೆಲಸವನ್ನು ಗಂಭೀರವಾಗಿ ಕೈಗೆತ್ತಿಕೊಂಡ. ಹರ್ಷೆಲ್ ತನ್ನ ಬಳಿಯಿದ್ದ ಹಳೆಯ ಗುರುತುಗಳನ್ನು ಅವನಿಗೆ ಒಪ್ಪಿಸಿದ. ಅವುಗಳಲ್ಲಿ ಒಬ್ಬನೇ ವ್ಯಕ್ತಿಯಿಂದ ಬಹು ವರ್ಷಗಳ ಅಂತರದಲ್ಲಿ ಪಡೆದ ಗುರುತುಗಳಿದ್ದುದರಿಂದ, ಗೆರೆಗಳು ಜೀವಮಾನವಿಡೀ ಬದಲಾಗುವುದಿಲ್ಲವೆಂದು ಸಾಧಿಸಲು ಸಾಧ್ಯವಾಯಿತು. ಎರಡು ಬೇರೆ ಬೆರಳುಗಳ ಗುರುತು ಒಂದೇ ಆಗುವ ಸಂಭವ 6,400 ಕೋಟಿಗೆ ಒಂದು ಎಂದು ಲೆಕ್ಕ ಹಾಕಿದ. 5,000 ಬೆರಳುಗಳನ್ನು ಎಣಿಸಿ, ನೂರಕ್ಕೆ 67.5 ಶಂಖ, 26 ಚಕ್ರ, 6.5 ಕಮಾನು ಎಂದು ಪಟ್ಟಿ ಮಾಡಿದ. 1892ರಲ್ಲಿ ‘ಫಿಂಗರ್ ಪ್ರಿಂಟ್ಸ್’ ಎಂಬ ಗ್ರಂಥ ಹೊರಬಂತು.

ಆ ಗ್ರಂಥದಲ್ಲಿ ಜನಾಂಗಗಳ ಹೋಲಿಕೆಗೆಂದೇ ಒಂದು ಭಾಗವಿದೆ. ಇಂಗ್ಲಿಷರು, ವೇಲ್ಸಿನವರು, ಲಂಡನ್ನಿನ ಶಾಲೆಗಳಲ್ಲಿ ಓದುತ್ತಿದ್ದ ಯಹೂದಿ ಮಕ್ಕಳು, ಆಫ್ರಿಕದ ಕರಿಯರು, ಬಾಸ್ಕ್ ಜನ ಇವರೆಲ್ಲರ ಗುರುತುಗಳನ್ನು ಗಾಲ್ಟನ್ ತರಿಸಿಕೊಂಡಿದ್ದ. ಹೋಲಿಕೆಗೆ ಬಲಗೈಯ ತೋರುಬೆರಳನ್ನು ಆರಿಸಿಕೊಂಡ; ಏಕೆಂದರೆ ವೈವಿಧ್ಯ ಅತಿ ಹೆಚ್ಚು ಕಾಣುವುದು ಆ ಬೆರಳಿನಲ್ಲಿ. ಕಮಾನುಗಳನ್ನು ಎಣಿಸಿದಾಗ ಇಂಗ್ಲಿಷರಲ್ಲಿ ನೂರಕ್ಕೆ ಸುಮಾರು ಹದಿಮೂರೂವರೆ, ಯಹೂದಿ ಮಕ್ಕಳಲ್ಲಿ ಸುಮಾರು ಎಂಟು ಬಂದವು. ವೇಲ್ಸಿನವರೂ ಆಫ್ರಿಕದವರೂ ಇವೆರಡರ ನಡುವೆ, ಒಬ್ಬರಿಗೊಬ್ಬರು ಅತಿ ಸಮೀಪದಲ್ಲಿದ್ದರು. ವೇಲ್ಸಿನ ರೈತನ ತೋರುಬೆರಳು ತನ್ನ ನೆರೆಯ ಇಂಗ್ಲಿಷನಿಗಿಂತ ಆಫ್ರಿಕದವನಿಗೆ ಹತ್ತಿರ! ಇಂಥ ಅಂಕಿಗಳಿಂದ ಮೆಟ್ಟಿಲು ಕಟ್ಟುವುದು ಹೇಗೆ?

ಗಾಲ್ಟನ್ ಅಷ್ಟಕ್ಕೇ ಬಿಡಲಿಲ್ಲ. ಆಫ್ರಿಕದವರ ಗುರುತುಗಳನ್ನು ಕಣ್ಣಿನಿಂದ ನೋಡಿದರೆ ಏನೋ ಒಂದು ವಿಶೇಷ, ಒಂದು ಬಗೆಯ ಸರಳತೆ ತೋರುತ್ತದೆಂದು ಬರೆದ. ಆದರೆ ಅದೇ ಉಸಿರಿನಲ್ಲಿ, ಅದನ್ನು ಅಳತೆಗೆ ಒಳಪಡಿಸಿ ಸಾಧಿಸಲು ತನಗೆ ಸಾಧ್ಯವಾಗಿಲ್ಲವೆಂದೂ ಒಪ್ಪಿಕೊಂಡ. ಈ ಒಂದು ವಾಕ್ಯಕ್ಕಾಗಿ ನನಗೆ ಆ ಮನುಷ್ಯನ ಮೇಲೆ, ಅವನ ಉಳಿದ ವಿಚಾರಗಳ ಬಗ್ಗೆ ಎಷ್ಟೇ ಅಸಹ್ಯವಿದ್ದರೂ, ಗೌರವ ಮೂಡಿತು. ಕಣ್ಣು ಬಯಸಿದ್ದನ್ನು ಕಾಣುತ್ತಿತ್ತು, ಅಳತೆಗೋಲು ಇಲ್ಲವೆನ್ನುತ್ತಿತ್ತು. ಅವನು ಅಳತೆಗೋಲಿನ ಮಾತನ್ನೇ ಮುದ್ರಿಸಿದ. ಜನಾಂಗವನ್ನೂ ಸ್ವಭಾವವನ್ನೂ ಬೆರಳು ತೋರಿಸೀತೆಂದು ತಾನು ಇಟ್ಟಿದ್ದ ದೊಡ್ಡ ನಿರೀಕ್ಷೆ ಹುಸಿಯಾಯಿತೆಂದು ಗ್ರಂಥದ ಆರಂಭದಲ್ಲೇ ಹೇಳಿಬಿಟ್ಟಿದ್ದಾನೆ.

ಸ್ವಭಾವ ಎಂದೆನಲ್ಲ, ಅದನ್ನೂ ಅವನು ಪರೀಕ್ಷಿಸಿದ್ದ. ಕಲಾವಿದ್ಯಾರ್ಥಿಗಳು, ವಿಜ್ಞಾನದ ವಿದ್ಯಾರ್ಥಿಗಳು, ಹೊಲದ ಕೂಲಿಗಳು, ಬುದ್ಧಿಮಾಂದ್ಯರ ಆಶ್ರಮದಲ್ಲಿದ್ದವರು, ಹೆಸರಾಂತ ಚಿಂತಕರು ಮತ್ತು ರಾಜಕಾರಣಿಗಳು ಎಲ್ಲರ ಗುರುತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ. ಮಹಾಮೇಧಾವಿಯ ಬೆರಳಿಗೆ ಸರಿಜೋಡಿಯಾದ ನಮೂನೆ ಆಶ್ರಮವಾಸಿಯ ಬೆರಳಲ್ಲಿ ಸಿಕ್ಕಿತು. ಇದನ್ನು ಇಲ್ಲಿ ಒತ್ತಿ ಹೇಳಲು ಕಾರಣವಿದೆ. ಹೋದ ವರ್ಷ ನಮ್ಮ ಬಂಧುಗಳಲ್ಲೊಬ್ಬರು ದೂರವಾಣಿ ಮಾಡಿ, ಮಗಳ ಹತ್ತು ಬೆರಳುಗಳನ್ನು ಯಂತ್ರದ ಮೇಲಿಟ್ಟು ಅವಳು ಇಂಜಿನಿಯರಾಗುತ್ತಾಳೋ ಸಂಗೀತಗಾರ್ತಿಯಾಗುತ್ತಾಳೋ ಎಂದು ಹೇಳುವ ‘ಡಿ.ಎಂ.ಐ.ಟಿ.’ ಎಂಬ ಪರೀಕ್ಷೆ ಶಾಲೆಗೇ ಬಂದಿದೆ, ಕೆಲವು ಸಾವಿರ ರೂಪಾಯಿ, ಮಾಡಿಸಲೇ ಎಂದು ಕೇಳಿದರು. ನಾನು ಬೇಡವೆನ್ನುವಷ್ಟರಲ್ಲಿ ಹಣ ಕಟ್ಟಿಯಾಗಿತ್ತು. ಬಂದ ವರದಿ ಬಣ್ಣಬಣ್ಣದ ಚಿತ್ರಗಳಿಂದ ಕೂಡಿ ಬಹು ದಪ್ಪಗಿತ್ತು. ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ಅದಕ್ಕೂ ನೂರು ವರ್ಷಗಳಿಗಿಂತ ಹಿಂದೆ, ಹೌದೆನ್ನಲು ತವಕಿಸುತ್ತಿದ್ದ ಗಾಲ್ಟನ್ನನೇ ಎಣಿಸಿ ನೋಡಿ ಇಲ್ಲವೆಂದಿದ್ದ.

ಬೆರಳಿನಲ್ಲಿ ಜನಾಂಗವಿಲ್ಲವೆಂದು ಹೀಗೆ 1892ರಲ್ಲೇ ಅಚ್ಚಾಯಿತು. ಆದರೆ ಬೆರಳೊತ್ತುವ ಪದ್ಧತಿ ಮುಂದೆ ಜನಾಂಗ ನೋಡಿಕೊಂಡೇ ಬಳಕೆಯಾಯಿತೆಂಬುದು ಈ ಇತಿಹಾಸದ ಕಹಿ ಭಾಗ.

ಗುರುತು ಪಡೆದರೆ ಸಾಲದು, ಲಕ್ಷಾಂತರ ಗುರುತುಗಳ ನಡುವೆ ಬೇಕಾದ್ದನ್ನು ಹುಡುಕಬೇಕು. ಆ ಲೆಕ್ಕವನ್ನು ಬಿಡಿಸಿದವರು ಕಲಕತ್ತೆಯ ಪೊಲೀಸ್ ಇಲಾಖೆಯಲ್ಲಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು. ಹೆಸರು ಬಂದದ್ದು ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ. ಆ ಪದ್ಧತಿಗೆ ಇಂದಿಗೂ ‘ಹೆನ್ರಿ ಪದ್ಧತಿ’ ಎಂದೇ ಹೆಸರು. ಅದರ ಗಣಿತ ಸುಂದರವಾಗಿದೆ. ಹತ್ತು ಬೆರಳುಗಳನ್ನು ಐದು ಜೋಡಿ ಮಾಡಿ. ಪ್ರತಿ ಜೋಡಿಯಲ್ಲಿ ಚಕ್ರ ಎರಡೂ ಬೆರಳಲ್ಲಿರಬಹುದು, ಮೊದಲನೆಯದರಲ್ಲಿ ಮಾತ್ರ, ಎರಡನೆಯದರಲ್ಲಿ ಮಾತ್ರ, ಅಥವಾ ಎರಡರಲ್ಲೂ ಇಲ್ಲದಿರಬಹುದು. ನಾಲ್ಕನ್ನು ಐದು ಸಲ ಗುಣಿಸಿದರೆ 1,024. ಅಷ್ಟು ಗೂಡುಗಳ ಬೀರು ಇದ್ದರೆ ಯಾವ ಕಾಗದ ಯಾವ ಗೂಡಿಗೆಂಬುದು ನಿಶ್ಚಿತ. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡ್ ಇದನ್ನು ಅಳವಡಿಸಿಕೊಂಡದ್ದು 1901ರಲ್ಲಿ.

ನಡುವೆ 1900ರಲ್ಲಿ ಹೆನ್ರಿಯನ್ನು ದಕ್ಷಿಣ ಆಫ್ರಿಕಕ್ಕೆ ಪೊಲೀಸ್ ವ್ಯವಸ್ಥೆ ಸಂಘಟಿಸಲು ಕಳಿಸಿದರು. ಬಂಗಾಳದಲ್ಲಿ ಬೆಳೆದ ವಿದ್ಯೆ ಹೀಗೆ ಜೋಹಾನ್ಸ್‌ಬರ್ಗ್ ತಲುಪಿತು. 1906ರಲ್ಲಿ ಟ್ರಾನ್ಸ್‌ವಾಲ್ ಸರಕಾರ ತಂದ ಸುಗ್ರೀವಾಜ್ಞೆಯ ಪ್ರಕಾರ ಏಷ್ಯಾದಿಂದ ಬಂದವರು, ಎಂಟು ವರ್ಷ ಮೀರಿದ ಮಕ್ಕಳೂ ಸೇರಿ, ಹೆಸರು ನೋಂದಾಯಿಸಿ ಬೆರಳೊತ್ತಿ ಪತ್ರ ಪಡೆದು ಅದನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕಾಗಿತ್ತು. ಹತ್ತೂ ಬೆರಳು ಒತ್ತಿಸುವುದೆಂದರೆ ಏನೆಂದು ಅರಿಯಲು ಗಾಂಧೀಜಿ ಹೆನ್ರಿಯ ಪುಸ್ತಕವನ್ನೇ ಓದಿದರು; ಕಾನೂನಿನ ಬಲದಿಂದ ಹಾಗೆ ಪಡೆಯುವುದು ಅಪರಾಧಿಗಳಿಂದ ಮಾತ್ರ ಎಂಬುದು ಅವರಿಗೆ ತಿಳಿಯಿತು. ಆ ವರ್ಷದ ಸೆಪ್ಟೆಂಬರ್ 11ರಂದು ಎಂಪೈರ್ ನಾಟಕಶಾಲೆಯಲ್ಲಿ ಸೇರಿದ ಭಾರತೀಯರು ಈ ಕಾನೂನಿಗೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. 1908ರ ಜನವರಿಯಲ್ಲಿ ಸ್ಮಟ್ಸ್‌ನೊಡನೆ ಒಪ್ಪಂದವಾಗಿ, ಸ್ವಇಚ್ಛೆಯಿಂದ ಬೆರಳೊತ್ತಲು ಗಾಂಧೀಜಿ ಒಪ್ಪಿದಾಗ, ಇದು ದ್ರೋಹವೆಂದು ಭಾವಿಸಿದ ಮೀರ್ ಆಲಂ ಎಂಬ ಪಠಾಣ ಮತ್ತು ಸಂಗಡಿಗರು ಫೆಬ್ರವರಿ 10ರಂದು ಅವರನ್ನು ಹಾದಿಯಲ್ಲಿ ಹೊಡೆದು ಕೆಡವಿದರು. ಗಾಯಗೊಂಡು ಮಲಗಿದಲ್ಲಿಂದಲೇ ಗಾಂಧೀಜಿ ಬೆರಳೊತ್ತಿದರು. ಸ್ಮಟ್ಸ್ ಕಾನೂನನ್ನು ರದ್ದು ಮಾಡಲಿಲ್ಲ. ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಮುಂದೆ ಎರಡು ಸಾವಿರಕ್ಕೂ ಮಿಕ್ಕಿದ ಪತ್ರಗಳು ಕೊಪ್ಪರಿಗೆಯಲ್ಲಿ ಉರಿದವು. ಇಲ್ಲಿಯವರೆಗಿನದನ್ನು ನಾನು 1988ರಲ್ಲೂ ಚೆನ್ನಾಗಿಯೇ ಪಾಠ ಮಾಡಿದ್ದೆ.

ಪಾಠ ಮಾಡದೆ ಬಿಟ್ಟದ್ದು ನಮ್ಮದೇ ನೆಲದ ಕಥೆ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರಲ್ಲಿ ತಿದ್ದುಪಡಿಯಾಗಿ ಇಡೀ ಬ್ರಿಟಿಷ್ ಭಾರತಕ್ಕೆ ವಿಸ್ತರಿಸಿದಾಗ, ನೋಂದಾಯಿತನಾದ ಯಾವನೇ ವ್ಯಕ್ತಿಯ ಬೆರಳಚ್ಚನ್ನು ಯಾವಾಗ ಬೇಕಾದರೂ ಪಡೆಯುವ ಅಧಿಕಾರ ಅದರಲ್ಲಿ ಸೇರಿತ್ತು. ಕಳ್ಳತನ ಮಾಡಿದ್ದಾನೆಯೇ ಎಂಬ ಪ್ರಶ್ನೆ ಅಲ್ಲಿ ಬರುತ್ತಲೇ ಇರಲಿಲ್ಲ. ಆ ಕುಲದಲ್ಲಿ ಹುಟ್ಟಿದ್ದಾನೆ, ಸಾಕು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಭಾಗದಲ್ಲಿ ಹುಬ್ಬಳ್ಳಿ, ಗದಗ-ಬೆಟಗೇರಿ ಮೊದಲಾದೆಡೆ ಇಂಥವರಿಗಾಗಿ ಸೆಟ್ಲಮೆಂಟುಗಳು ಎದ್ದವು. ಸ್ವಾತಂತ್ರ್ಯ ಬಂದು ಐದು ವರ್ಷಗಳ ಮೇಲೆ, 1952ರ ಆಗಸ್ಟ್ 31ರಂದು ಈ ಕಾಯಿದೆ ರದ್ದಾಯಿತು. ಸೆಟ್ಲಮೆಂಟ್ ಎಂಬ ಬಡಾವಣೆಯ ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು.

ಈಗ ಆ ಹುಡುಗನ ಪ್ರಶ್ನೆ ಬೇರೆಯಾಗಿ ಕೇಳಿಸುತ್ತದೆ. ಅವನ ಅಜ್ಜನಿಂದ ಪೊಲೀಸರು ಬೆರಳು ಒತ್ತಿಸಿಕೊಂಡದ್ದು ಜಾತಿಯ ಕಾರಣಕ್ಕೆ. ಹಾಗಿದ್ದ ಮೇಲೆ ಒತ್ತಿದ ಗುರುತಿನಲ್ಲಿ ಜಾತಿ ಇದ್ದೇ ಇರಬೇಕೆಂದು ಆ ಮನೆಯ ಮಗು ತಿಳಿದರೆ ಅದರಲ್ಲಿ ನಗುವಂಥದ್ದೇನಿತ್ತು?

ಇಪ್ಪತ್ತನೆಯ ಶತಮಾನದ ವಿಜ್ಞಾನದ ಕಡೆಗೆ ಮತ್ತೆ ಬರುತ್ತೇನೆ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಟುಲೇನ್ ವಿಶ್ವವಿದ್ಯಾಲಯದ ಹೆರಾಲ್ಡ್ ಕಮಿನ್ಸ್ 1926ರಲ್ಲಿ ಚಾರ್ಲ್ಸ್ ಮಿಡ್ಲೋ ಅವರೊಡನೆ ಈ ಶಾಸ್ತ್ರಕ್ಕೆ ‘ಡರ್ಮಟೋಗ್ಲಿಫಿಕ್ಸ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ‘ಚರ್ಮದ ಕೆತ್ತನೆ’ ಎಂದರ್ಥ. 1943ರಲ್ಲಿ ಇಬ್ಬರೂ ಸೇರಿ ಬೆರಳು, ಅಂಗೈ, ಅಂಗಾಲು ಮೂರನ್ನೂ ಒಳಗೊಂಡ ಗ್ರಂಥ ಬರೆದರು. ಆನಂತರ ಜಗತ್ತಿನ ಎಲ್ಲ ಕಡೆ ಮಾನವಶಾಸ್ತ್ರಜ್ಞರು ಮಸಿ ಮತ್ತು ಗಾಜಿನ ಹಲಗೆ ಹಿಡಿದು ಊರೂರು ಅಲೆದರು. ನಮ್ಮ ದೇಶದ ವಿಶ್ವವಿದ್ಯಾಲಯಗಳಲ್ಲಿಯೂ ಜಾತಿ, ಬುಡಕಟ್ಟುಗಳ ಬೆರಳು-ಅಂಗೈಗಳ ಮೇಲೆ ಪ್ರಬಂಧಗಳು ರಾಶಿ ಬಿದ್ದವು.

ಅಂಗೈಯ ವಿಷಯದಲ್ಲಿ ಒಂದು ದುಃಖದ ಪ್ರಕರಣವಿದೆ. ಸಾಮಾನ್ಯವಾಗಿ ಅಂಗೈಯ ಮೇಲ್ಭಾಗದಲ್ಲಿ ಅಡ್ಡಲಾಗಿ ಎರಡು ಮಡಿಕೆಗಳಿರುತ್ತವೆ. ಕೆಲವರಲ್ಲಿ ಅವೆರಡೂ ಕೂಡಿ ಒಂದೇ ಆಗಿರುತ್ತದೆ. ಬುದ್ಧಿಯ ಬೆಳವಣಿಗೆ ಕುಂಠಿತವಾಗಿ ಹುಟ್ಟುವ ಒಂದು ಬಗೆಯ ಮಕ್ಕಳಲ್ಲಿ ಈ ಏಕರೇಖೆ ಹೆಚ್ಚಾಗಿ ಕಾಣುತ್ತದೆ. 1866ರಲ್ಲಿ ಜಾನ್ ಲ್ಯಾಂಗ್ಡನ್ ಡೌನ್ ಎಂಬ ವೈದ್ಯ, ಬುದ್ಧಿಮಾಂದ್ಯರನ್ನು ಜನಾಂಗವಾರು ವಿಂಗಡಿಸುವ ಉತ್ಸಾಹದಲ್ಲಿ ಈ ಮಕ್ಕಳ ಮುಖವನ್ನು ನೋಡಿ ‘ಮಂಗೋಲ್’ ಎಂದು ಕರೆದಿದ್ದ. ಅಂಗೈಯ ಆ ಗೆರೆಗೆ ವೈದ್ಯಲೋಕ ಕೊಟ್ಟ ಹೆಸರು ‘ಮಂಗನ ರೇಖೆ’. ಒಂದು ಮಗುವಿನ ಕೈಯಲ್ಲಿ ಒಂದು ಜನಾಂಗದ ಅವಮಾನವೂ ಒಂದು ಪ್ರಾಣಿಯ ಹೆಸರೂ ಸೇರಿಕೊಂಡವು. 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಸಹೋದ್ಯೋಗಿಗಳು, 21ನೆಯ ವರ್ಣತಂತು ಎರಡರ ಬದಲು ಮೂರಿರುವುದೇ ಇದಕ್ಕೆ ಕಾರಣವೆಂದು ಪ್ರಕಟಿಸಿದರು. 1961ರಲ್ಲಿ 19 ತಜ್ಞರು ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದು ಹಳೆಯ ಹೆಸರನ್ನು ಬಿಡಬೇಕೆಂದರು. ಮಂಗೋಲಿಯ ದೇಶದ ಪ್ರತಿನಿಧಿಗಳು ಆಕ್ಷೇಪಿಸಿದ ಮೇಲೆ 1965ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟಿತು. ಏಕರೇಖೆಯಾದರೋ ಪೂರ್ಣ ಆರೋಗ್ಯವಂತರಲ್ಲೂ ಇರುತ್ತದೆ. ನನ್ನ ಸಹೋದ್ಯೋಗಿಯಾಗಿದ್ದ ಗಣಿತದ ಮೇಷ್ಟರೊಬ್ಬರ ಎಡಗೈಯಲ್ಲಿತ್ತು. ಅವರ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಜನಸಮುದಾಯಗಳ ನಡುವೆ ವ್ಯತ್ಯಾಸವೇ ಇಲ್ಲವೇ ಎಂದು ನಿಮ್ಮಲ್ಲಿ ವಿಜ್ಞಾನ ಓದಿದವರು ಕೇಳಬಹುದು. ಇದೆ. ಪೂರ್ವ ಏಷ್ಯಾದ ಜನರಲ್ಲಿ ಚಕ್ರಗಳು ಹೆಚ್ಚು, ಸುಮಾರು ಅರ್ಧದಷ್ಟು ಬೆರಳುಗಳಲ್ಲಿ. ಯುರೋಪಿನವರಲ್ಲಿ ಶಂಖಗಳು ಹೆಚ್ಚು. ನಮ್ಮ ದೇಶದ ಅನೇಕ ಸಮುದಾಯಗಳು ಇವೆರಡರ ನಡುವೆ ಬರುತ್ತವೆ. ಆದರೆ ಇದು ಪ್ರಮಾಣದ ವ್ಯತ್ಯಾಸ. ತರಗತಿಯಲ್ಲಿ ಮಾಡಿಸುತ್ತಿದ್ದಂತೆ ಒಂದು ಲೆಕ್ಕ ಮಾಡೋಣ. ಗಾಲ್ಟನ್ ಎಣಿಸಿದಂಥ ಇಂಗ್ಲಿಷರ 100 ಬೆರಳು, ಪೂರ್ವ ಏಷ್ಯಾದವರ 100 ಬೆರಳು ತೆಗೆದುಕೊಳ್ಳಿ. ಮೊದಲನೆಯದರಲ್ಲಿ 26 ಚಕ್ರ, ಎರಡನೆಯದರಲ್ಲಿ ಸುಮಾರು 50, ಒಟ್ಟು 76. ಈ ರಾಶಿಯಿಂದ ಒಂದು ಚಕ್ರವನ್ನು ಎತ್ತಿ ‘ಇದು ಪೂರ್ವದವನದು’ ಎಂದು ಪ್ರತಿ ಸಲ ಹೇಳುತ್ತ ಹೋದರೆ, ಮೂರರಲ್ಲಿ ಒಂದು ಸಲ ತಪ್ಪುತ್ತೀರಿ. ಎರಡು ಖಂಡಗಳ ತುದಿಗಳನ್ನು ಹೋಲಿಸಿದಾಗಲೇ ಹೀಗಾದರೆ, ಒಂದೇ ಊರಿನ ಎರಡು ಕೇರಿಗಳ ನಡುವೆ ಏನು ಹೇಳಲಾದೀತು?

2015ರಲ್ಲಿ ಅಮೆರಿಕದ ಸಂಶೋಧಕಿಯರಿಬ್ಬರು, ನಿಕೋಲ್ ಫೋರ್ನಿಯರ್ ಮತ್ತು ಆನ್ ರಾಸ್, 243 ಜನರ ಬಲಗೈ ತೋರುಬೆರಳನ್ನು, ಗಾಲ್ಟನ್ ಆರಿಸಿದ ಅದೇ ಬೆರಳನ್ನು, ಪರೀಕ್ಷಿಸಿದರು. ಗೆರೆಗಳು ಕವಲೊಡೆಯುವ ಬಗೆಯಂಥ ಸೂಕ್ಷ್ಮ ವಿವರಗಳಲ್ಲಿ ಆಫ್ರಿಕ ಮೂಲದ ಹಾಗೂ ಯುರೋಪ್ ಮೂಲದ ಅಮೆರಿಕನ್ನರ ನಡುವೆ ಸರಾಸರಿಯಲ್ಲಿ ವ್ಯತ್ಯಾಸ ಕಂಡುಬಂತು. ಇನ್ನೂ ಹೆಚ್ಚು ಜನರನ್ನು ಪರೀಕ್ಷಿಸಬೇಕಾಗಿದೆಯೆಂದು ಅವರೇ ಹೇಳಿದರೂ, ಬೆರಳಿನಿಂದ ವಂಶ ತಿಳಿಯುತ್ತದೆಂದು ಸುದ್ದಿಗಳು ಹಬ್ಬಿದವು. ಸರಾಸರಿಯ ಮಾತನ್ನು ವ್ಯಕ್ತಿಯ ಮೇಲೆ ಹೊರಿಸುವ ಚಪಲ ಮನುಷ್ಯನನ್ನು ಸುಲಭವಾಗಿ ಬಿಡುವಂತಿಲ್ಲ.

ಗೆರೆಗಳು ಹುಟ್ಟುವ ಬಗೆಯೂ ಈಗ ಹೆಚ್ಚು ಸ್ಪಷ್ಟವಾಗಿದೆ. ಗರ್ಭದ ಮೂರನೆಯ ತಿಂಗಳಿನ ಸುಮಾರಿಗೆ ಬೆರಳ ತುದಿಯಲ್ಲಿ ಸಣ್ಣ ಉಬ್ಬು ಇರುತ್ತದೆ. 2023ರಲ್ಲಿ ಎಡಿನ್‌ಬರೋದ ವಿಜ್ಞಾನಿಗಳು ತೋರಿಸಿದಂತೆ, ಗೆರೆಗಳು ಆ ಉಬ್ಬಿನ ನಡುವಿನಿಂದ, ಉಗುರಿನ ಅಡಿಯಿಂದ, ಬೆರಳ ಗೆಣ್ಣಿನ ಮಡಿಕೆಯಿಂದ, ಹೀಗೆ ಮೂರು ಕಡೆಯಿಂದ ಕೆರೆಯ ಅಲೆಗಳಂತೆ ಹರಡುತ್ತ ಬಂದು ಒಂದನ್ನೊಂದು ಕೂಡುತ್ತವೆ. ಯಾವ ಅಲೆ ಮೊದಲು ಹೊರಟಿತು, ಎಲ್ಲಿ ಕೂಡಿತು ಎಂಬುದರ ಮೇಲೆ ಶಂಖವೋ ಚಕ್ರವೋ ಕಮಾನೋ ನಿರ್ಧಾರವಾಗುತ್ತದೆ. 2022ರಲ್ಲಿ ಪ್ರಕಟವಾದ, 23,000ಕ್ಕೂ ಹೆಚ್ಚು ಜನರ ಅಧ್ಯಯನ ಈ ನಮೂನೆಗಳೊಡನೆ ಸಂಬಂಧವಿರುವ 43 ಆನುವಂಶಿಕ ತಾಣಗಳನ್ನು ಗುರುತಿಸಿತು; ಅವುಗಳಲ್ಲಿ ಪ್ರಮುಖವಾದವು ಕೈಕಾಲುಗಳು ಮೂಡುವ ಕಾರ್ಯಕ್ಕೆ ಸೇರಿದ ಜೀನುಗಳು. ವಂಶದಿಂದ ಬರುವುದು ಬೆರಳಿನ ಆಕಾರ, ಉಬ್ಬಿನ ಎತ್ತರ. ಗೆರೆಯ ಒಂದೊಂದು ಕವಲು ಎಲ್ಲಿ ಎಂಬುದನ್ನು ಗರ್ಭದ ಆ ಕೆಲವು ವಾರಗಳ ಆಕಸ್ಮಿಕಗಳು ನಿರ್ಧರಿಸುತ್ತವೆ. ಒಂದೇ ಜೀನುಗಳಿರುವ ತದ್ರೂಪಿ ಅವಳಿಗಳ ಬೆರಳಚ್ಚುಗಳೂ ಬೇರೆಬೇರೆಯಾಗಿರುವುದು ಇದರಿಂದಲೇ.

ಟ್ರಂಕಿನಲ್ಲಿ ಸಿಕ್ಕ ಹಾಳೆಯನ್ನು ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಎರಡು ಮಧ್ಯಾಹ್ನ ಕುಳಿತೆ. 41 ಹೆಬ್ಬೆಟ್ಟುಗಳಲ್ಲಿ 23 ಶಂಖ, 16 ಚಕ್ರ, 2 ಕಮಾನು. ಹೆಸರುಗಳ ಮೇಲೆ ಕಾಗದದ ಪಟ್ಟಿ ಇಟ್ಟು ಮುಚ್ಚಿ, ಯಾವುದು ಯಾರದೆಂದು ಹೇಳಬಲ್ಲೆನೇ ಎಂದು ಪ್ರಯತ್ನಿಸಿದೆ. ನಿಮ್ಮಲ್ಲಿ ಹೆಚ್ಚಿನವರ ಮನೆ, ಕೇರಿ, ತಂದೆಯ ಕಸುಬು, ಊಟದ ಡಬ್ಬಿಯಲ್ಲಿ ಏನಿರುತ್ತಿತ್ತೆಂಬುದು ಸಹ ನನಗೆ ನೆನಪಿದೆ. ಆದರೂ ಒಂದೇ ಒಂದನ್ನು ಗುರುತಿಸಲಾಗಲಿಲ್ಲ. ಎರಡು ಕಮಾನುಗಳಲ್ಲಿ ಒಂದು ದೇವಸ್ಥಾನದ ಓಣಿಯ ಹುಡುಗಿಯದು, ಇನ್ನೊಂದು ಕುರಿ ಕಾಯುತ್ತಿದ್ದ ಮನೆಯ ಹುಡುಗನದು ಎಂದು ಪಟ್ಟಿ ತೆಗೆದ ಮೇಲೆ ತಿಳಿಯಿತು.

37ನೆಯ ಚೌಕದ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ತಂಡದವರಿಗೆ ಯಾರೆಂದು ಗೊತ್ತಾಗುತ್ತದೆ. ಗೋವಾದ ಕಡೆ ಲಾರಿ ನಡೆಸುತ್ತಿದ್ದಾನೆಂದು ಹಿಂದೊಮ್ಮೆ ಯಾರೋ ಹೇಳಿದ್ದರು. ಅವನ ವಿಳಾಸವಾಗಲಿ ಫೋನ್ ನಂಬರಾಗಲಿ ತಿಳಿದವರಿದ್ದರೆ ದಯವಿಟ್ಟು ನನಗೆ ತಿಳಿಸಿ. ಇಲ್ಲವೇ ಈ ಬರಹವನ್ನು ಅವನಿಗೆ ಓದಿ ಹೇಳಿ. ಅವನು ಕೇಳಿದ್ದಕ್ಕೆ ಉತ್ತರ ‘ಇಲ್ಲ, ಗೊತ್ತಾಗುವುದಿಲ್ಲ’ ಎಂದು, ಮತ್ತು ಅಂದು ನಾನು ನಕ್ಕದ್ದು ತಪ್ಪಾಯಿತೆಂದು ಮೇಷ್ಟರು ಬರೆದಿದ್ದಾರೆ ಎಂದು.